ನೀರು ಒಯ್ದಂತೆ ಹೋಗಲು ಕಲಿಸಿದವರು

ಡೈವಿಂಗ್ ಮಾಸ್ಕ್ ಒತ್ತಿದ ಗುರುತು ನಮ್ಮ ಟೀಚರ್ ಹಣೆಯಿಂದ ಕೆನ್ನೆಯವರೆಗೆ ಭಾನುವಾರ ಸಂಜೆಯಾದರೂ ಅಳಿಯುತ್ತಿರಲಿಲ್ಲ. ಅದೇ ಮುಖದಲ್ಲಿ ಹೋಗಿ ತರಕಾರಿ ಭಯ್ಯಾನ ಹತ್ತಿರ ಚೌಕಾಸಿ ಮಾಡುತ್ತಿದ್ದರು. ಕಾರವಾರದವರು. ಗಂಡನ ವರ್ಗಾವಣೆಯಿಂದಾಗಿ ಅಂಡಮಾನಿನಲ್ಲಿದ್ದು ಡೈವಿಂಗ್ ಕಲಿತವರು, ದೆಹಲಿಯ ದ್ವಾರಕಾಕ್ಕೆ ಮೆಟ್ರೊ ಬಂದ ಹೊಸತರಲ್ಲಿ ಅಲ್ಲಿನ ಈಜುಕೊಳವೊಂದರಲ್ಲಿ ನಮ್ಮಂಥ ಸರ್ಕಾರಿ ಗುಮಾಸ್ತರಿಗೆ ಕಲಿಸುತ್ತಿದ್ದರು. ಹೊಗಳುವವರಲ್ಲ. ತುಂಬ ಚೆನ್ನಾಗಿ ಮಾಡಿದರೆ, "ಅಚ್ಛಾ, ಬದುಕ್ತೀಯ" ಎನ್ನುತ್ತಿದ್ದರು.

ಒಮ್ಮೆ ಸರ್ಕಾರವೇ ಪ್ರವಾಸದ ಖರ್ಚು ಕೊಡುವ ಎಲ್‌ಟಿಸಿ ರಜೆಯಲ್ಲಿ ನನ್ನನ್ನೂ ನಮ್ಮ ಯಜಮಾನರನ್ನೂ ಅಂಡಮಾನಿಗೆ ಕರೆದೊಯ್ದರು. ಹೊಸಬರೂ ಇಳಿಯಬಹುದಾದ ಹವಳದ ದಿಬ್ಬ. ನೀರಿನ ಸೆಳೆತವೇ ನಮ್ಮನ್ನು ಅದರ ಉದ್ದಕ್ಕೂ ಒಯ್ಯುತ್ತದೆ, ದೋಣಿ ಮೇಲಿನಿಂದ ಹಿಂಬಾಲಿಸುತ್ತದೆ.

"ಇಲ್ಲಿ ಈಜೋದಲ್ಲ, ಹೋಗ್ತಾ ಇರೋದು. ಜೊತೆಯವ್ರು ಕಾಣ್ಲಿಲ್ವಾ, ಸ್ವಲ್ಪ ಸುತ್ತ ನೋಡಿ ನಿಧಾನಕ್ಕೆ ಮೇಲೆ ಬನ್ನಿ. ನಿಲ್ಲೋ ಹಾಗಿಲ್ಲ, ವಾಪಸ್ ಹೋಗೋ ಹಾಗೂ ಇಲ್ಲ" ಎಂದು ಇಳಿಯುವ ಮೊದಲೇ ಟೀಚರ್ ಹೇಳಿದ್ದರು.

ನಾವು ತಲೆಯಾಡಿಸಿದೆವು. ಆದರೆ ನಮ್ಮದು ದೆಹಲಿಯ ವಾರದ ಬಜಾರಿನ ಅಭ್ಯಾಸ. ನೂಕುನುಗ್ಗಲಿನಲ್ಲಿ ಕೈತಪ್ಪಿದರೆ ಯಜಮಾನರು ಇದ್ದಲ್ಲೇ ನಿಲ್ಲಬೇಕು, ನಾನು ಹಿಂದೆ ಹೋಗಿ ಹುಡುಕಬೇಕು. ಮದುವೆಯಾದಾಗಿನಿಂದ ಇದೇ ಒಪ್ಪಂದ.

ನೀರೊಳಗೆ ತಿರುಗಿ ನೋಡಿದರೆ ಯಜಮಾನರಿಲ್ಲ. ಎಲ್ಲೋ ಬಂಡೆ ಹಿಡಿದು ನನಗಾಗಿ ನಿಂತಿದ್ದಾರೆ ಎಂದು ಹೊಳೆಯಿತು. ಸೆಳೆತಕ್ಕೆ ಎದುರಾಗಿ ಕಾಲು ಬಡಿಯತೊಡಗಿದೆ. ಒಂದಡಿಯೂ ಮುಂದೆ ಹೋಗಲಿಲ್ಲ. ಬೆನ್ನಿನ ಸಿಲಿಂಡರಿನಲ್ಲಿ ಉಳಿದ ಗಾಳಿ ತೋರಿಸುವ ಮುಳ್ಳು ಮಾತ್ರ ಇಳಿಯುತ್ತಿತ್ತು. ಟೀಚರ್ ನನ್ನ ಜಾಕೆಟ್ಟಿನ ಪಟ್ಟಿ ಹಿಡಿದರು. ಕೊಸರಾಡಿದೆ, ಬಿಡಲಿಲ್ಲ. ಸುತ್ತ ನೋಡಿ, ನನ್ನನ್ನು ಮೆಲ್ಲಗೆ ಮೇಲಕ್ಕೆ ತಂದರು. ಇವರಷ್ಟು ಕಲ್ಲೆದೆಯವರು ಬೇರೆ ಇಲ್ಲ ಅನ್ನಿಸಿತು.

"ದೋಣಿ ಹಿಂದಕ್ಕೆ ತಿರುಗ್ಸಿ, ಅವ್ರು ಅಲ್ಲೇ ನಿಂತಿರ್ತಾರೆ" ಎಂದು ಅಳುತ್ತ ಕೂಗಾಡಿದೆ.

"ಗಾಳಿ ಕಮ್ಮಿ ಆದಾಗ ಬಂಡೆ ಮೇಲಿನ ಕೈ ಬಿಡ್ಲೇಬೇಕು ಅವ್ರು. ಬಿಟ್ರೆ ನೀರು ಈ ಕಡೆಗೇ ತರುತ್ತೆ. ಮೇಲೆ ಬರೋ ಜಾಗದಲ್ಲಿ ದೋಣಿ ಓಡಿಸಿದ್ರೆ ಎಂಜಿನ್ ಫ್ಯಾನು ಕೊಚ್ಚಿಹಾಕುತ್ತಮ್ಮಾ."

ದಿಬ್ಬ ಮುಗಿದು ಮರಳು ಶುರುವಾಗುವ ಕಡೆ ಟೀಚರ್ ಲಂಗರು ಹಾಕಿಸಿ, ದೋಣಿಯವನಿಗೆ "ಭಯ್ಯಾ, ಎಂಜಿನ್ ಬಂದ್" ಎಂದರು. ಕಾದೆವು. ನಾನು ಬಾಯಿಗೆ ಬಂದಂತೆ ಬೈಯುತ್ತಿದ್ದೆ. ಟೀಚರ್ ನೀರಿನಿಂದ ಕಣ್ಣು ಕೀಳಲಿಲ್ಲ.

ಕೊನೆಗೂ ದೂರದಲ್ಲೊಂದು ತಲೆ ಕಂಡಿತು. ನೀರು ಅದನ್ನು ನಮ್ಮತ್ತಲೇ ತರುತ್ತಿತ್ತು. ದೋಣಿಗೆ ಹತ್ತಿಸಿಕೊಂಡಾಗ ಯಜಮಾನರು ಏದುಸಿರಿನಲ್ಲೇ, "ನೀನು ಬರ್ತೀಯ ಅಂತ ಕಾದೆ ಕಣೇ" ಎಂದರು. ಟೀಚರ್ ದೋಣಿಯ ಹಿಂಬದಿಗೆ ಹೋಗಿ ಕಂಬಿ ಹಿಡಿದು ವಾಂತಿ ಮಾಡಿಕೊಂಡರು. ಅಷ್ಟು ಹೊತ್ತೂ ಅವರು ನನ್ನಷ್ಟೇ ಹೆದರಿದ್ದರೆಂದು ಆಗ ತಿಳಿಯಿತು.

ಕೆಲವೇ ವರ್ಷಗಳಲ್ಲಿ ಕ್ಯಾನ್ಸರ್ ಅವರನ್ನು ಕರೆದೊಯ್ದಿತು. ಮಕ್ಕಳಿರಲಿಲ್ಲ, ಕಾರವಾರದ ನೆಂಟರು ಇನ್ನೂ ದಾರಿಯಲ್ಲಿದ್ದರು. ಚಟ್ಟ ಹೊರಲು ಒಬ್ಬರು ಕಮ್ಮಿ ಬಿದ್ದರು. ನಮ್ಮ ಯಜಮಾನರು ಚಪ್ಪಲಿ ಬಿಟ್ಟು ಮುಂದೆ ಹೋಗಿ ಹೆಗಲು ಕೊಟ್ಟರು. ಆ ಹೆಗಲನ್ನು ಉಳಿಸಿಕೊಟ್ಟವರು ಟೀಚರೇ.