ಕುಲ್ಸುಮಳ ಕಾವುಪೆಟ್ಟಿಗೆ

ಯಲ್ಲಾಪುರದ ಕುಲ್ಸುಮ್ ಜಗಳಗಂಟಿ ಎಂದು ಹೇಳುವವರು ಬೇಕಾದಷ್ಟು ಜನ ಸಿಗುತ್ತಾರೆ. ಅವರ ಮಾತು ಸುಳ್ಳೇನಲ್ಲ. ತೂಕದಲ್ಲಿ ಕೈಚಳಕ ತೋರಿಸಿದ ಮೀನಿನವನನ್ನು ಸಂತೆಯ ನಡುವೆ ನಿಲ್ಲಿಸಿ, ತಕ್ಕಡಿಯ ಅಡಿಗೆ ಅಂಟಿಸಿದ್ದ ಕಲ್ಲನ್ನು ಅವನ ಕೈಯಿಂದಲೇ ಕೀಳಿಸಿದವಳು ಅವಳು. ಬಾಗಿಲಿಗೆ ಅಡ್ಡ ಲಾರಿ ನಿಲ್ಲಿಸಿ ಊಟಕ್ಕೆ ಹೋದ ಡ್ರೈವರನೊಬ್ಬನ ಚಕ್ರದ ಗಾಳಿ ಬಿಟ್ಟು, ಅವನು ಬಂದಾಗ ಪಂಕ್ಚರ್ ಅಂಗಡಿಯ ದಾರಿಯನ್ನೂ ತಾನೇ ತೋರಿಸಿದ್ದಳು. ಅಂಥ ಹೆಂಗಸು ಮೈದುನನ ಮುಂದೆ ಮಾತ್ರ ವರ್ಷಗಟ್ಟಲೆ ತುಟಿ ಹೊಲಿದುಕೊಂಡು ಚಹಾ ಮಾಡಿ ಕೊಟ್ಟಳು. ಅದು ಯಾಕೆ ಎಂಬುದೇ ಇಲ್ಲಿ ಹೇಳಬೇಕಾದ ಸಂಗತಿ.

ಕುಲ್ಸುಮಳದ್ದು ನಾಟಿಕೋಳಿಯ ಮರಿ ಮಾಡಿಸುವ ಕಸುಬು. ಮಾಗೋಡು, ವಾನಳ್ಳಿ ಕಡೆಯ ಹೆಂಗಸರು ತಮ್ಮ ಹೇಂಟೆ ಕಾವಿಗೆ ಕೂರದಿದ್ದರೆ ಮೊಟ್ಟೆಗಳನ್ನು ಹೊಟ್ಟಿನಲ್ಲಿಟ್ಟು ತಂದು ಅವಳಿಗೆ ಒಪ್ಪಿಸುತ್ತಾರೆ. ಮೂರು ವಾರದ ಮೇಲೆ ಬಂದು ಮರಿ ಒಯ್ಯುತ್ತಾರೆ. ಹಿತ್ತಿಲ ಶೆಡ್ಡಿನಲ್ಲಿ ಆಳೆತ್ತರದ ಮರದ ಪೆಟ್ಟಿಗೆಯಿದೆ. ಅದರೊಳಗೆ ಬಲ್ಬು, ಫ್ಯಾನು, ತಾವೇ ವಾಲಾಡುವ ತಟ್ಟೆಗಳು. ಇವನ್ನೆಲ್ಲ ಆಡಿಸುವುದು ಪೆಟ್ಟಿಗೆಯ ನೆತ್ತಿಯ ಮೇಲೆ ಕೂತ, ಸೋಪಿನ ಡಬ್ಬಿಯಷ್ಟೇ ದೊಡ್ಡ ಲಿನಕ್ಸ್ ಕಂಪ್ಯೂಟರು. ಮೈದುನ ಮೊಯಿನ್ ತಂದು ಕೂರಿಸಿದ್ದು. ಅವನಿಗೆ ಪೇಟೆಯಲ್ಲಿ ಮೊಬೈಲ್ ರಿಪೇರಿ ಅಂಗಡಿ. ಬಿಸಿ ಎಷ್ಟಿರಬೇಕು, ತಟ್ಟೆ ಯಾವಾಗ ತಿರುಗಬೇಕು ಎಂದೆಲ್ಲ ಅವನು ಬರೆದಿಟ್ಟ ಸ್ಕ್ರಿಪ್ಟ್ ಅದರೊಳಗೆ ಓಡುತ್ತಿರುತ್ತದೆ. ಓಡುತ್ತಿದ್ದರೆ ಮೊಟ್ಟೆ ಮರಿಯಾಗುತ್ತದೆ, ನಿಂತರೆ ಕೊಳೆಯುತ್ತದೆ.

ಮೊದಮೊದಲು ಎಲ್ಲ ಸುಸೂತ್ರವಾಗಿತ್ತು. ಆಮೇಲೊಂದು ಸಲ ಕರೆಂಟು ಹೋಗಿ ಬಂದಾಗ ಕಂಪ್ಯೂಟರೇನೋ ಎದ್ದಿತು, ಬಲ್ಬುಗಳು ಮಾತ್ರ ಹೊತ್ತಲಿಲ್ಲ. ಮೊಯಿನ್ ಬಂದು ನೋಡಿ, ತಲೆ ಕೆರೆದುಕೊಂಡು, "ವಯಸ್ಸಾತು ಭಾಬಿ ಇದಕ್ಕ. ಇನ್ನ ಮುಂದ ಕರೆಂಟ್ ಹೋದಾಗೊಮ್ಮೆ ನಾ ಬಂದು ಎಬ್ಬಿಸಬೇಕು" ಎಂದ. ಯಲ್ಲಾಪುರದಲ್ಲಿ ಕರೆಂಟು ಹೋಗುವುದಕ್ಕೆ ಕಾಲ ಹೊತ್ತು ಇದೆಯೇ? ಗಾಳಿ ಬೀಸಿದರೆ ಹೋಗುತ್ತದೆ, ಮೋಡ ಕಂಡರೂ ಹೋಗುತ್ತದೆ. ಪ್ರತಿ ಸಲವೂ ಕುಲ್ಸುಮ್ ಪೆಟ್ಟಿಗೆಗೆ ಕೌದಿ ಹೊದಿಸಿ ಫೋನ್ ಹಚ್ಚಬೇಕು. ಮೊಯಿನ್ ಸಾವಕಾಶವಾಗಿ ಬರಬೇಕು. ಬಂದವನು ಮೊದಲು ಚಹಾ ಕೇಳುತ್ತಾನೆ. ಬಳಿಕ ಸ್ಟೂಲು. ಆಮೇಲೆ ಹಳೆಯ ಟಿವಿ, ಕೀಬೋರ್ಡು ಜೋಡಿಸಿ ಅವಳಿಗೆ ಬೆನ್ನು ಕೊಟ್ಟು ಕೂತು, "ಆ ಕಡೆ ತಿರುಗ್ರಿ ಭಾಬಿ, ಇದು ನಿಮ್ಮ ತಲಿಗೆ ಹತ್ತೂದಲ್ಲ" ಎಂದು ಏನೋ ಒತ್ತುತ್ತಾನೆ. ಬಲ್ಬುಗಳು ಹೊತ್ತುತ್ತವೆ. ಕುಲ್ಸುಮ್ ಹಲ್ಲು ಕಚ್ಚಿಕೊಂಡು ಸಲಾಂ ಹೇಳುತ್ತಾಳೆ. ಅವಳ ಜುಟ್ಟು ಅವನ ಕೈಯಲ್ಲಿತ್ತು, ಅದು ಇಬ್ಬರಿಗೂ ಗೊತ್ತಿತ್ತು. ಒಮ್ಮೆ ರೋಸಿಹೋಗಿ ತಾನೇ ಬಲ್ಬಿನ ತಂತಿಯನ್ನು ನೇರವಾಗಿ ಸಿಕ್ಕಿಸಿ ನೋಡಿದ್ದಳು. ಬಿಸಿ ಮಿತಿಮೀರಿ ಮೊಟ್ಟೆಗಳೆಲ್ಲ ಬೆಂದುಹೋದವು. ಆ ವಿಷಯವನ್ನು ಮೊಯಿನ್ ನೆಂಟರ ಮನೆಗಳಲ್ಲೆಲ್ಲ ನಗುತ್ತ ಹೇಳಿಕೊಂಡು ಬಂದ.

ಕಳೆದ ಮಳೆಗಾಲದಲ್ಲಿ ಅವನು ಶಿರಸಿಗೆ ಯಾರದೋ ನಿಕಾಹ್‌ಗೆ ಹೋದವನು ಫೋನ್ ಎತ್ತಲೇ ಇಲ್ಲ. ಮಾಗೋಡಿನ ವೆಂಕಮ್ಮನ ಮೊಟ್ಟೆಗಳು ಪೆಟ್ಟಿಗೆಯಲ್ಲಿದ್ದವು, ಇನ್ನೇನು ಮರಿ ಚಿಪ್ಪು ಒಡೆಯುವ ಹಂತ. ಎಲ್ಲ ತಣ್ಣಗಾದವು. ಒಂದನ್ನು ಒಡೆದು ನೋಡಿದರೆ ಒಳಗೆ ರೆಕ್ಕೆ ಕೊಕ್ಕು ಎಲ್ಲ ಮೂಡಿದ್ದ ಮರಿ ಮುದುಡಿಕೊಂಡಿತ್ತು. ವೆಂಕಮ್ಮ ಮರಿ ಒಯ್ಯಲು ತಂದಿದ್ದ ಬುಟ್ಟಿಯನ್ನು ಖಾಲಿಯೇ ಎತ್ತಿಕೊಂಡು ಹೋದಳು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಕುಲ್ಸುಮ್ ಆ ವಾರವೆಲ್ಲ ತನ್ನನ್ನೇ ಬೈದುಕೊಂಡಳು.

ಮೊಯಿನ್ ಹೀಗಾದರೆ ಅವನ ಅಣ್ಣ, ಕುಲ್ಸುಮಳ ಗಂಡ ಹಯಾತ್, ಊರೆಲ್ಲ ಹೊಗಳುವ ಮೆದು ಮನುಷ್ಯ. ಹುಬ್ಬಳ್ಳಿಯಿಂದ ಅಂಕೋಲೆಗೆ ಲಾರಿ ಹೊಡೆಯುತ್ತಾನೆ. ಅವನು ದನಿ ಎತ್ತಿದ್ದನ್ನು ಕಂಡವರಿಲ್ಲ. ಮರಳಿ ಬರುವಾಗ ಅರಬೈಲ್ ಘಟ್ಟ ಹತ್ತಿ ಮುಗಿದ ಕೂಡಲೇ ಫೋನ್ ಮಾಡಿ "ಅರಬೈಲ್ ಹತ್ತಿದೆ" ಎನ್ನುತ್ತಾನೆ. ಅಷ್ಟೇ ಮಾತು. ಅದು ಕಿವಿಗೆ ಬಿದ್ದದ್ದೇ ಕುಲ್ಸುಮ್ ಅಕ್ಕಿ ತೊಳೆದು ಒಲೆಗಿಡುತ್ತಾಳೆ. ಅವನು ಕೈಕಾಲು ತೊಳೆದು ಕೂರುವಾಗ ಅನ್ನದಿಂದ ಹಬೆ ಏಳುತ್ತಿರುತ್ತದೆ. ಮದುವೆಯಾದ ವರ್ಷದಿಂದ ಇದು ತಪ್ಪಿಲ್ಲ, ತಪ್ಪಬೇಕೆಂದು ಅವಳಿಗೆ ಅನಿಸಿದ್ದೂ ಇಲ್ಲ.

ಅವಳಿಗಿದ್ದ ಆಸೆ ಬೇರೆಯೇ. ಶಿರಸಿಯ ಬನವಾಸಿ ರಸ್ತೆಯಲ್ಲಿ ಒಂದು ಶೆಡ್ಡು ನೋಡಿಟ್ಟಿದ್ದಳು. ಅಲ್ಲಿ ಇಂಥ ನಾಲ್ಕು ಪೆಟ್ಟಿಗೆ ಹಾಕಬಹುದು, ಹೆಸರು ಬರೆಸಿ ಬೋರ್ಡು ತೂಗಬಹುದು, ಮೂರು ತಾಲೂಕಿನ ಮೊಟ್ಟೆ ಬರುತ್ತದೆ. ಇದನ್ನು ಅವಳು ಗಂಡನ ಹೊರತು ಯಾರ ಮುಂದೆಯೂ ಬಾಯಿ ಬಿಟ್ಟಿರಲಿಲ್ಲ. ಮೊದಲ ಸಲ ಹಯಾತ್ ಉಣ್ಣುತ್ತಲೇ ಕೇಳಿ ಬರೀ ನಕ್ಕಿದ್ದ. ಪೆಟ್ಟಿಗೆ ಕೈಕೊಡತೊಡಗಿದ ಮೇಲೆ ನಗುವಿನ ಜೊತೆ ಮಾತೂ ಬಂತು. "ಹೋಗೂಣಂತ. ಆದ್ರ ಮೊಯಿನ್ ಇಲ್ದ ನಿನ್ನ ಪೆಟ್ಟಿಗಿ ಹೆಂಗ ನಡೀತದ? ಕರೆಂಟ್ ಹೋದಾಗೊಮ್ಮೆ ಅವ ಇಲ್ಲಿಂದ ಶಿರಸಿಗೆ ಓಡಿ ಬರ್ತಾನೇನು?" ಕೇಳಿದಾಗಲೆಲ್ಲ ಇದೇ ಉತ್ತರ, ಅದೇ ನಗು. ಶೆಡ್ಡು ಇನ್ನೂ ಖಾಲಿ ಇತ್ತು, ಹೋಗಿ ಬರುವ ಬಸ್ಸಿನ ಕಿಟಕಿಯಿಂದ ಅವಳು ಅದನ್ನು ನೋಡಿ ನಿಟ್ಟುಸಿರು ಬಿಡುತ್ತಿದ್ದಳು.

ಈ ಸಲ ವೆಂಕಮ್ಮನ ಮೊಟ್ಟೆ ತಂದವಳು ಅವಳ ಮಗಳು ಚೇತನಾ. ಸಿದ್ದಾಪುರದಲ್ಲಿ ಅಂಗಡಿಗಳಿಗೆ ಕ್ಯಾಮೆರಾ ಕೂರಿಸಿ ಕೊಡುವ ಕಡೆ ಕೆಲಸಕ್ಕಿದ್ದಾಳೆ. ಮೊಟ್ಟೆ ಜೋಡಿಸುತ್ತಿರುವಾಗಲೇ ಕರೆಂಟು ಹೋಯಿತು. ಕೌದಿ ಹೊದಿಸಿ ಇಬ್ಬರೂ ಕೂತರು. ಕರೆಂಟು ಬಂತು, ಬಲ್ಬು ಹೊತ್ತಲಿಲ್ಲ. ಕುಲ್ಸುಮ್ ಮೊಯಿನ್‌ಗೆ ಫೋನ್ ಹಚ್ಚಿದಳು. "ಗಿರಾಕಿ ಅದಾರ್ರಿ ಭಾಬಿ. ಬರ್ತೀನಿ, ಚಾ ಇಟ್ಟಿರ್ರಿ" ಎಂದು ಅವನು ಇಟ್ಟುಬಿಟ್ಟ.

"ಯಾರಿಗೆ ಫೋನು ಮಾಡಿದ್ದು ಕುಲ್ಸುಮಕ್ಕ?"

"ನಮ್ಮ ಮೈದುನಗೆ. ಅವ ಬಂದು ಎಬ್ಬಿಸಿದ್ರೇ ಇದು ಏಳೂದು. ವಯಸ್ಸಾಗೇತಿ."

"ಕಂಪ್ಯೂಟರಿಗೆ ಎಂತ ವಯಸ್ಸು ಮಾರಾಯ್ತಿ? ನಮ್ಮ ಅಂಗಡಿಲಿ ಇಂಥದೇ ಇವೆ. ಕರೆಂಟ್ ಬಂದ ಕೂಡ್ಲೆ ತಾವೇ ಶುರು ಆಗ್ತವೆ, ಯಾರೂ ಮುಟ್ಟೂದೇ ಬೇಡ."

ಕುಲ್ಸುಮ್ ಹಳೆಯ ಟಿವಿಯನ್ನು ತಂದು ಅವಳ ಮುಂದಿಟ್ಟಳು. ಚೇತನಾ ಟಿವಿ, ಕೀಬೋರ್ಡು ಜೋಡಿಸಿದಳು. ಕಂಪ್ಯೂಟರು ಪಾಸ್‌ವರ್ಡ್ ಸಹ ಕೇಳಲಿಲ್ಲ. ಬೀಗ ಹಾಕುವ ಮಟ್ಟಿಗೂ ಮೊಯಿನ್ ಅತ್ತಿಗೆಯನ್ನು ಲೆಕ್ಕಕ್ಕೆ ಇಟ್ಟಿರಲಿಲ್ಲ. ಚೇತನಾ ಏನೋ ಒತ್ತಿ, ಪರದೆಯ ಮೇಲೆ ಬಂದ ಒಂದು ಸಾಲಿಗೆ ಬೆರಳಿಟ್ಟಳು.

"ಇಲ್ನೋಡಿ. ಮಷಿನ್ ಎದ್ದ ಕೂಡ್ಲೆ ಎಂತ ಮಾಡ್ಬೇಕು ಹೇಳಿ ಬರೆದಿಡೂ ಜಾಗ ಇದು. ನಿಮ್ಮ ಸ್ಕ್ರಿಪ್ಟನ್ನ ತಾನೇ ಓಡಿಸ್ಬೇಕು ಅಂತ ಇಲ್ಲಿ ಮೊದ್ಲೇ ಬರೆದದೆ. ಆದ್ರೆ ಸಾಲಿನ ಮುಂದೆ ಈ ಬೇಲಿ ಥರದ ಗುರುತು ಉಂಟಲ್ಲ, ಅದು ಇದ್ರೆ ಮಷಿನ್ ಆ ಸಾಲನ್ನ ಬಿಟ್ಟು ಮುಂದೆ ಹೋಗ್ತದೆ."

"ಅದು ತಾನಾಗೇ ಬಂದಿದ್ದೇನು?"

"ತಾನಾಗಿ ಬರೂದಲ್ಲ ಅಕ್ಕ. ಯಾರೋ ಕೂತು ಹಾಕಿದ್ದು."

ಕುಲ್ಸುಮ್ ಆ ಗುರುತನ್ನು ದಿಟ್ಟಿಸಿದಳು. ಅಡ್ಡ ಎರಡು ಗೀಟು, ಉದ್ದ ಎರಡು ಗೀಟು. ಅಷ್ಟಕ್ಕಾಗಿ ಅವಳು ಎಷ್ಟು ಚಹಾ ಮಾಡಿದಳು, ಎಷ್ಟು ಸಲ ಬೆನ್ನು ತಿರುಗಿಸಿ ನಿಂತಳು! ಮುದುಡಿದ ಆ ಮರಿ ಕಣ್ಣ ಮುಂದೆ ಬಂದು ಮೈ ಉರಿಯಿತು. "ತೆಗೀಲಿಕ್ಕೆ ಯಾವುದನ್ನ ಒತ್ತಬೇಕು?" ಎಂದು ಕೇಳಿ, ಚೇತನಾ ತೋರಿಸಿದ ಗುಂಡಿಯನ್ನು ತಾನೇ ಒತ್ತಿದಳು. ಚೇತನಾ ಅದನ್ನು ಉಳಿಸಿ, ಪ್ಲಗ್ಗು ಕಿತ್ತು ಮತ್ತೆ ಹಾಕಿದಳು. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ ಫ್ಯಾನು ಗುಂಯ್ ಎಂದಿತು, ಬಲ್ಬುಗಳು ಒಂದಾದಮೇಲೊಂದು ಹೊತ್ತಿಕೊಂಡವು.

"ಚಾ ಆತೇನ್ರಿ ಭಾಬಿ?" ಎನ್ನುತ್ತಲೇ ಮೊಯಿನ್ ಒಳಗೆ ಬಂದ. ಪೆಟ್ಟಿಗೆಯ ಗಾಜಿನಲ್ಲಿ ಹಳದಿ ಬೆಳಕು ಕಂಡು ಬಾಗಿಲಲ್ಲೇ ನಿಂತ. ಟಿವಿಯನ್ನು ನೋಡಿದ, ಚೇತನಾಳನ್ನು ನೋಡಿದ. ಮುಖ ಕಪ್ಪಿಟ್ಟಿತು.

"ಬಾ ಬಾ," ಎಂದಳು ಕುಲ್ಸುಮ್. "ವಯಸ್ಸಾದದ್ದು ಹೆಂಗ ಹರೇಕ ಬಂತು ನೋಡು. ಆ ಗುರುತು ಯಾವ ಕೈಲಿ ಹಾಕಿದಿ, ತೋರ್ಸು. ನನ್ನ ಮನಿ ಚಾ ಕುಡಿದ ಕೈಲೇ ಹಾಕಿದಿ ಹೌದಲ್ಲೋ? ಇಕಿ ಅವ್ವ ವೆಂಕಮ್ಮನ ಮರಿ ಕೊಂದ್ಯಲ್ಲೋ ಹಲ್ಕಾ! ಫೋನ್ ಎತ್ತದ ನಿಕಾಹ್‌ನ್ಯಾಗ ಬಿರಿಯಾನಿ ತಿನ್ನಕತ್ತಿದ್ದಿ!"

ಬೈಗುಳ ಬೀದಿಗೆ ಕೇಳುವಷ್ಟಿತ್ತು. ಮೊಯಿನ್ ಮೊದಲು ಇಲ್ಲವೆಂದ, ಆಮೇಲೆ ಮಷಿನ್ ಕೆಟ್ಟಿತ್ತೆಂದ, ಕೊನೆಗೆ ಅವನಿಗೂ ಸಿಟ್ಟು ನೆತ್ತಿಗೇರಿತು.

"ನನಗ್ಯಾಕ ಬೈತೀರಿ? ಗಿರಾಕಿ ಬಿಟ್ಟು ಓಡಿ ಬರಾಕ ನನಗೇನು ಹುಚ್ಚೇನು? ಭಾಯಿಜಾನೇ ಹೇಳಿದ್ದು ಹಾಕು ಅಂತ. ನನ್ನ ಮ್ಯಾಲ ಯಾಕ?"

"ಅಣ್ಣನ ಹೆಸರು ತಗದಿ ಅಂದ್ರ ನಾಲಿಗಿ ಕೀಳ್ತೀನಿ."

"ಹಂಗಾದ್ರ ಬನವಾಸಿ ರಸ್ತೆ ಶೆಡ್ಡಿನ ಸುದ್ದಿ ನನಗ ಹೆಂಗ ಗೊತ್ತಾತ್ರಿ ಭಾಬಿ? ನೀವು ಹೇಳಿದ್ರೇನು? 'ಅಕಿ ಶಿರಸಿಗೆ ಹೊಂಟಾಳ, ಮಷಿನ್ ನಿನ್ನ ಕೈಯಾಗಿದ್ರ ಎಲ್ಲೂ ಹೋಗಂಗಿಲ್ಲ' ಅಂದಿದ್ದು ಅವನೇ. ಬೈಯೂದಿದ್ರ ಅವ್ನ ಬೈರಿ."

ಕುಲ್ಸುಮ್ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಶೆಡ್ಡಿನ ಮಾತು ತೆಗೆದದ್ದು ಮೊದಲು, ಪೆಟ್ಟಿಗೆಗೆ ವಯಸ್ಸಾದದ್ದು ಅದಾದ ಮೇಲೆ. ಎರಡನ್ನೂ ಅವಳು ಎಂದೂ ಜೋಡಿಸಿ ನೋಡಿರಲಿಲ್ಲ. ಮೊಯಿನ್ ಒಬ್ಬನದೇ ಕಿತಾಪತಿಯಾಗಿದ್ದರೆ ಬೈದು ಹಗುರಾಗುತ್ತಿದ್ದಳು. ಆದರೆ ಆ ನಗುಮುಖದ ಹಯಾತ್ ಅವಳ ಕೈಯಡುಗೆ ಉಣ್ಣುತ್ತ, ತಾನೇ ಹಾಕಿಸಿದ ಬೇಲಿಯನ್ನು ತೋರಿಸಿ "ಹೆಂಗ ಹೋಗ್ತಿ?" ಎಂದು ಕೇಳುತ್ತಿದ್ದನಲ್ಲ! ಅಳು ಬಂತು. ಮೊಯಿನ್ ಮುಂದೆ ಅಳಬಾರದೆಂದು ಪೆಟ್ಟಿಗೆಯ ಕೌದಿ ಮಡಚುತ್ತ ನಿಂತಳು. ಅವನು ಯಾವಾಗ ಹೋದನೋ ಅವಳಿಗೆ ತಿಳಿಯಲಿಲ್ಲ. ಚೇತನಾ ಟಿವಿಯ ತಂತಿ ಸುತ್ತಿಟ್ಟು ಹೊರಡಲು ಎದ್ದಳು.

"ಶಿರಸಿಗೆ ಒಯ್ದರೂ ಇದು ತಾನೇ ಏಳ್ತದಲ್ಲ?" ಎಂದು ಕುಲ್ಸುಮ್ ಕೇಳಿದಳು.

"ಎಲ್ಲಿಗೆ ಒಯ್ದರೂ ಏಳ್ತದೆ ಅಕ್ಕ."

ಸಂಜೆ ಫೋನ್ ಬಂತು. "ಅರಬೈಲ್ ಹತ್ತಿದೆ."

"ಹ್ಞೂಂ," ಎಂದಳು ಕುಲ್ಸುಮ್. ಆಮೇಲೆ ಬನವಾಸಿ ರಸ್ತೆಯ ಶೆಡ್ಡಿನ ಮಾಲೀಕರಿಗೆ ಫೋನ್ ಮಾಡಿ, ನಾಳೆ ಬೆಳಗಿನ ಬಸ್ಸಿಗೆ ಬರುತ್ತೇನೆಂದು ತಿಳಿಸಿದಳು. ಹಿತ್ತಿಲಿಗೆ ಹೋಗಿ ತಟ್ಟೆ ವಾಲುವುದನ್ನು ನೋಡುತ್ತ ಕೂತಳು.

ಲಾರಿ ನಿಂತ ಸದ್ದಾಯಿತು. ಹಯಾತ್ ಕೈಕಾಲು ತೊಳೆದು, ಎಂದಿನಂತೆ ತಟ್ಟೆಯ ಮುಂದೆ ಕೂತ. ಸ್ವಲ್ಪ ಹೊತ್ತು ಕಾದ. ಎದ್ದು ಹೋಗಿ ಪಾತ್ರೆಯ ಮುಚ್ಚಳ ತೆಗೆದ. ಪಾತ್ರೆ ಬರಿದಾಗಿತ್ತು, ಒಲೆ ತಣ್ಣಗಿತ್ತು.

"ಕುಲ್ಸುಮ್, ಅನ್ನ ಎಲ್ಲಿ? ಅರಬೈಲಿಂದ ಫೋನ್ ಮಾಡಿದ್ನಲ್ಲ!"

ಅವಳು ಹಿತ್ತಿಲ ಬಾಗಿಲಲ್ಲಿ ಬಂದು ನಿಂತಳು. ಹಿಂದೆ ಶೆಡ್ಡಿನಲ್ಲಿ ಬಲ್ಬುಗಳು ಉರಿಯುತ್ತಿದ್ದವು.

"ಒಲಿಗೆ ವಯಸ್ಸಾಗೇತ್ರಿ," ಎಂದಳು. "ಇನ್ನ ಮುಂದ ಫೋನ್ ಮಾಡಿದ್ರ ತಾನೇ ಹತ್ತೂದಿಲ್ಲ. ಮೊಯಿನ್ನ ಕರೀರಿ, ಬಂದು ಹಚ್ಚಿ ಕೊಡ್ತಾನ."

ಹಯಾತ್ ಮುಚ್ಚಳ ಹಿಡಿದುಕೊಂಡೇ ನಿಂತಿದ್ದ. ಕುಲ್ಸುಮ್ ಒಳಗೆ ಹೋಗಿ ಬೆಳಗಿನ ಬಸ್ಸಿಗೆಂದು ಬಟ್ಟೆ ತೆಗೆದಿಡತೊಡಗಿದಳು.