ಎಲ್ಲ ನಲ್ಲಿ ಬಿಟ್ಟು ಕೊಂಡ ರೂಟರ್

ಪೈಪಕ್ಕನ ಮುತ್ತಜ್ಜ ಬಾವಿ ತೋಡುವವನು. ನಲವತ್ತು ಮೊಳ ಇಳಿದರೂ ಬರೀ ಕಲ್ಲೇ ಸಿಕ್ಕಿತು. ಜಾಗದ ಯಜಮಾನ ಮೇಲಿನಿಂದ "ಸಾಕು, ಮುಚ್ಚಿಬಿಡೋಣ" ಎಂದ. "ಮುಚ್ಚೋದಾದ್ರೆ ನನ್ನನ್ನೂ ಸೇರಿಸಿ ಮುಚ್ಚು" ಎಂದು ಮುತ್ತಜ್ಜ ಇಳಿಬಿಟ್ಟ ಹಗ್ಗವನ್ನು ಮುಟ್ಟದೆ ತಳದಲ್ಲೇ ಕುಳಿತ. ಮೂರನೆಯ ದಿನ ಅವನ ಕಾಲ್ಬೆರಳು ಒದ್ದೆಯಾಯಿತು. ಅವನ ಸೊಸೆ, ಅಂದರೆ ಪೈಪಕ್ಕನ ಅಜ್ಜಿ, ಬೀದಿಗೆಲ್ಲ ಒಂದೇ ನಲ್ಲಿ ಇದ್ದ ಕಾಲದಲ್ಲಿ ಆ ನಲ್ಲಿಯ ಪಕ್ಕ ಸೌಟು ಹಿಡಿದು ನಿಂತವಳು. ಪೀಪಾಯಿ ಉರುಳಿಸಿಕೊಂಡು ಬಂದವನು ಎಂಥ ದೊಡ್ಡ ಕುಳವೇ ಆಗಿರಲಿ, ನಡುವೆ ಯಾರಾದರೂ ತಂಬಿಗೆ ಹಿಡಿದು ಬಂದರೆ ಪೀಪಾಯಿ ಪಕ್ಕಕ್ಕೆ ಸರಿಯಬೇಕು. ತಂಬಿಗೆ ತುಂಬಿದ ಮೇಲೆ ಮತ್ತೆ ಪೀಪಾಯಿಗೆ ಧಾರೆ. ಸರಿಯದವನ ಬೆರಳಿಗೆ ಸೌಟಿನ ಏಟು. ಅಪ್ಪ ಪೈಪ್ ಕೆಲಸದವನು. ಹೊಸ ಮನೆಗೆ ಪೈಪ್ ಎಳೆದು ಮುಗಿಸಿದ ಮೇಲೆ ಮನೆಯ ನಲ್ಲಿಗಳನ್ನೆಲ್ಲ ಒಟ್ಟಿಗೆ ತಿರುಗಿಸಿ, ಎಲ್ಲಕ್ಕಿಂತ ದೂರದ ನಲ್ಲಿಯ ಕೆಳಗೆ ಅಂಗೈ ಒಡ್ಡಿ ನೋಡದ ಹೊರತು ಅವನು ಕೂಲಿ ಮುಟ್ಟುತ್ತಿರಲಿಲ್ಲ. "ಒಂದೇ ನಲ್ಲಿ ಬಿಟ್ಟರೆ ಯಾರ ಮನೆಯಲ್ಲಾದರೂ ನೀರು ಬರುತ್ತೆ. ಎಲ್ಲ ನಲ್ಲಿ ಬಿಟ್ಟು ನೋಡು" ಎಂಬುದು ಅವನು ಮಗಳಿಗೆ ಬಿಟ್ಟುಹೋದ ಆಸ್ತಿ.

ಆ ಮಗಳೇ ನಮ್ಮ ಪೈಪಕ್ಕ. ವಯಸ್ಸು ನಲವತ್ತಾರು. ಅಪ್ಪನ ಚೀಲ, ನಟ್ಟು ತಿರುಗಿಸುವ ಅಪ್ಪನ ಪಾನಾ, ಅಪ್ಪನ ಬಾಯಿ, ಮೂರೂ ಅವಳಿಗೇ ಬಂದಿವೆ. ಗಂಡ ಲಾರಿಯವನು, ತಿಂಗಳಲ್ಲಿ ಇಪ್ಪತ್ತು ದಿನ ರಸ್ತೆಯ ಮೇಲೆ. ಮನೆಯಲ್ಲಿ ಅವಳು, ಅತ್ತೆ, ಫೋಟೋ ತೆಗೆಯುವ ಮಗಳು. ಮಹಡಿಯ ಮೇಲೆ ಮೈದುನನ ಸಂಸಾರ. ಇಂಟರ್ನೆಟ್ ಲೈನು ಮೇಲೂ ಕೆಳಗೂ ಸೇರಿ ಒಂದೇ. ಮೂರು ವರ್ಷದ ಹಿಂದೆ ಒಂದು ತಾರಸಿಯ ಟ್ಯಾಂಕಿಗೆ ಹತ್ತಿದವಳು ಏಣಿ ಜಾರಿ ಬಿದ್ದು ಕಾಲು ಮುರಿದುಕೊಂಡಳು. ನಾಲ್ಕು ತಿಂಗಳು ಹಾಸಿಗೆ. ಗೋಡೆ ನೋಡಿ ನೋಡಿ ಗೋಡೆಯನ್ನೇ ಬೈಯತೊಡಗಿದಾಗ ಮಗಳು ತನ್ನ ಹಳೆಯ ಕಂಪ್ಯೂಟರನ್ನು ಮಂಚದ ಪಕ್ಕಕ್ಕೆ ಎಳೆದು ಒಂದು ಆಟ ಹಾಕಿಕೊಟ್ಟಳು. ಐವರು ಈ ಕಡೆ, ಐವರು ಆ ಕಡೆ. ಒಬ್ಬರ ಕೋಟೆಯ ಬಾಗಿಲನ್ನು ಇನ್ನೊಬ್ಬರು ಒಡೆಯಬೇಕು, ಇಲ್ಲವೇ ಎದುರಿನ ಐವರನ್ನೂ ಕೆಡವಬೇಕು. ಹೊತ್ತು ಕಳೆಯಲು ಹಿಡಿದ ಆಟ ಅವಳನ್ನೇ ಹಿಡಿದುಕೊಂಡಿತು. ಕಾಲು ನೆಟ್ಟಗಾಗಿ ಕೆಲಸಕ್ಕೆ ಹೋದ ಮೇಲೂ ಸಂಜೆ ಎರಡು ತಾಸು ಕಿವಿಗೆ ಹೆಡ್‌ಫೋನ್ ಏರಿಸಿ ಕೂರದಿದ್ದರೆ ಅವಳಿಗೆ ಉಂಡದ್ದು ಅರಗದು.

ಅವಳ ತಂಡದಲ್ಲಿ ಒಬ್ಬಳು ನರ್ಸು, ಒಬ್ಬ ಬಸ್ ಕಂಡಕ್ಟರು, ಒಬ್ಬ ಬೇಕರಿಯವನು, ಒಬ್ಬಳು ಕಾಲೇಜಿನ ಮೇಡಂ. ಒಬ್ಬರ ಮುಖ ಒಬ್ಬರು ಕಂಡಿಲ್ಲ, ಒಬ್ಬರ ಉಸಿರು ಮಾತ್ರ ಒಬ್ಬರಿಗೆ ಗೊತ್ತು. ಪೈಪಕ್ಕನದು ಬಾಗಿಲು ಕಾಯುವ ಕೆಲಸ. ಅವಳನ್ನು ದಾಟಿ ಒಳಗೆ ಬಂದವರನ್ನು ಬೆರಳಲ್ಲಿ ಎಣಿಸಬಹುದು. ಹೀಗಿದ್ದ ತಂಡ ಈ ವರ್ಷ ದೊಡ್ಡ ಪಂದ್ಯದ ಆಯ್ಕೆಯ ಕೊನೆಯ ಸುತ್ತಿಗೆ ಬಂತು. ಎಂಟುನೂರು ತಂಡಗಳಲ್ಲಿ ಉಳಿದದ್ದು ಎರಡು.

ಆಗಲೇ ಎಡವಟ್ಟಾದದ್ದು. ಆ ಸುತ್ತಿಗೆ ದಾಟಿಸಿದ ಭಾನುವಾರದ ಪಂದ್ಯದಲ್ಲೇ, ಶತ್ರುಗಳು ಬಾಗಿಲಿಗೆ ಬಂದ ಹೊತ್ತಿಗೇ ಪೈಪಕ್ಕ ಪರದೆಯ ಮೇಲೆ ಕಲ್ಲಾಗಿ ನಿಂತುಬಿಟ್ಟಳು. ಇಲ್ಲಿ ಅವಳು ಗುಂಡಿ ಒತ್ತುತ್ತಿದ್ದಾಳೆ, ಅಲ್ಲಿ ಕೈ ಅಲ್ಲಾಡುತ್ತಿಲ್ಲ. ಉಳಿದ ನಾಲ್ವರು ಹೇಗೋ ಏಗಿ ಗೆದ್ದರು. ಆದರೆ ಹೀಗಾಗಿದ್ದು ಅದೇ ಮೊದಲಲ್ಲ.

"ಅಕ್ಕಾ, ಎಣ್ಣೆ ಬಂದಾಗ್ಲೇ ಕಣ್ಣು ಮುಚ್ಕೋತೀರಲ್ಲ!" ಎಂದ ಕಂಡಕ್ಟರು.

"ನನ್ನ ತಪ್ಪಲ್ಲಪ್ಪ. ಲೈನು ಸಿಕ್ಕೊಳ್ತು."

"ಕುಣಿಯೋಕೆ ಬರದವಳು ನೆಲ ಡೊಂಕು ಅಂದ್ಲಂತೆ" ಎಂದು ಬೇಕರಿಯವನು ನಕ್ಕ.

ನರ್ಸು ನಗಲಿಲ್ಲ. "ಬರೋ ಭಾನುವಾರ ಫೈನಲ್ಲು, ಅಕ್ಕ. ಶನಿವಾರದೊಳಗೆ ಸರಿಹೋದ್ರೆ ನೀವೇ ಬಾಗಿಲಿಗೆ. ಇಲ್ಲಾಂದ್ರೆ ನನ್ನ ತಮ್ಮನ್ನ ನಿಲ್ಲಿಸ್ತೀವಿ. ಬೇಜಾರು ಮಾಡ್ಕೋಬೇಡಿ."

ಬೇಜಾರಲ್ಲ, ಪೈಪಕ್ಕನಿಗೆ ಮೈಯೆಲ್ಲ ಉರಿ ಹತ್ತಿತು. ಊರಿಗೆಲ್ಲ ನೀರು ಹಾಯಿಸಿದವಳ ಮನೆಯ ಲೈನೇ ಕಟ್ಟಿಕೊಂಡಿದೆ ಎಂದರೆ!

ಸೋಮವಾರ ಬೆಳಿಗ್ಗೆ ಅವಳು ಮಾಡಿದ ಮೊದಲ ಕೆಲಸ ಪೈಪ್ ಕೆಲಸದವರು ಮಾತ್ರ ಮಾಡಬಹುದಾದ್ದು. ನಡುಮನೆಯಲ್ಲಿದ್ದ ರೂಟರನ್ನು ಬಿಚ್ಚಿ, ಉದ್ದ ವೈರು ಎಳೆದು, ಅಟ್ಟದ ಮೇಲಿದ್ದ ಉಕ್ಕಿನ ನೀರಿನ ಟ್ಯಾಂಕಿನ ನೆತ್ತಿಗೆ ಕಟ್ಟಿದಳು. ಎತ್ತರದಲ್ಲಿದ್ದರೆ ಒತ್ತಡ ಹೆಚ್ಚು ಎಂಬುದು ಅವಳ ಲೆಕ್ಕ. ಮನೆಯಲ್ಲಿ ಇದ್ದಬದ್ದ ಸಿಗ್ನಲ್ಲೂ ಆರಿಹೋಯಿತು. ಮೈದುನ ಮಹಡಿಯಿಂದ ಇಳಿದು ಬಂದು ಅಟ್ಟದತ್ತ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕ.

"ಅತ್ತಿಗೆ, ಇಂಟರ್ನೆಟ್ಟೇನು ಮೇಲಿಂದ ಕೆಳಗೆ ಹರಿಯುತ್ತಾ? ನೀರೂ ಉಕ್ಕೂ ಎರಡೂ ಸೇರಿ ಅದನ್ನ ನುಂಗ್ತಾವೆ! ಬಿಡಿ, ನಂಗೆ ಬಿಡಿ. ನಿಮಗ್ಯಾಕೆ ಈ ಉಸಾಬರಿ."

ಮೈದುನ ಮೊಬೈಲ್ ಕಂಪನಿಯಲ್ಲಿ ಗುಮಾಸ್ತ. ತಂತಿ ಇರುವ ಯಾವ ವಸ್ತುವೂ ತನ್ನ ಅಪ್ಪಣೆಯಿಲ್ಲದೆ ಉರಿಯಬಾರದು ಎಂದುಕೊಂಡವನು. ಸಂಜೆಯೇ ತನ್ನ ಕಂಪನಿಯಿಂದ ಒಂದು ರೂಟರನ್ನು ತಂದ. ಎಂಟು ಆಂಟೆನಾ, ಅಂಗಾತ ಬಿದ್ದ ಜೇಡನ ಹಾಗಿತ್ತು. ಹಚ್ಚಿ, ತನ್ನ ಫೋನಿನಲ್ಲಿ ವೇಗ ತೋರಿಸಿ, "ನೋಡಿ, ಕುದುರೆ!" ಎಂದ.

ಪೈಪಕ್ಕ ಮಗಳನ್ನು ಕರೆದು, "ನಾನು ಗುಂಡಿ ಒತ್ತಿದ್ದು ಅಲ್ಲಿಗೆ ಹೋಗಿ ಬರೋಕೆ ಎಷ್ಟು ಹೊತ್ತು ಹಿಡಿಯುತ್ತೆ, ಅದನ್ನ ತೋರಿಸೋಕೆ ಆಗುತ್ತಾ?" ಎಂದು ಕೇಳಿದಳು. ಮಗಳು ಪರದೆಯ ಮೂಲೆಯಲ್ಲಿ ಒಂದು ಸಂಖ್ಯೆ ಬರುವಂತೆ ಮಾಡಿದಳು. ಸೆಕೆಂಡನ್ನು ಸಾವಿರ ಹೋಳು ಮಾಡಿದರೆ ಹೋಗಿಬರಲು ಎಷ್ಟು ಹೋಳು ಬೇಕು ಎಂಬ ಸಂಖ್ಯೆ. ಕಡಿಮೆ ಇದ್ದಷ್ಟೂ ಒಳ್ಳೆಯದು. ಪೈಪಕ್ಕ ಕಿವಿಯ ಮೇಲಿನ ಪೆನ್ಸಿಲ್ ತೆಗೆದು ಗೋಡೆಯ ಮೇಲೆ ಬರೆಯುತ್ತಾ ಹೋದಳು. ಎಲ್ಲ ಬಂದ್ ಇದ್ದಾಗ ಇಪ್ಪತ್ತು. ಅತ್ತೆ ಟಿವಿಯಲ್ಲಿ ಸೀರಿಯಲ್ ಹಾಕಿಕೊಂಡಾಗ ಮೂವತ್ತು.

"ಈಗ ನಿನ್ನ ಫೋಟೋ ಕಳಿಸು" ಎಂದಳು ಮಗಳಿಗೆ.

ಮಗಳು ಒಂದು ಮದುವೆಯ ಸಾವಿರ ಫೋಟೋಗಳನ್ನು ಒಟ್ಟಿಗೆ ಕಳಿಸತೊಡಗಿದಳು. ಸಂಖ್ಯೆ ನೂರು ದಾಟಿತು, ಮುನ್ನೂರು ದಾಟಿತು, ಆರುನೂರಕ್ಕೆ ಹೋಗಿ ಅಲ್ಲೇ ಕಾಲು ಚಾಚಿ ಕುಳಿತಿತು. ಹಳೆಯ ರೂಟರ್ ಹಚ್ಚಿದರೂ ಅಷ್ಟೇ, ಜೇಡ ಹಚ್ಚಿದರೂ ಅಷ್ಟೇ.

ಪೈಪಕ್ಕ ತೊಡೆ ತಟ್ಟಿದಳು. "ಪೀಪಾಯಿ ಇಲ್ಲಿದೆ! ಪೈಪು ಸಣ್ಣದಲ್ಲ. ಇವಳ ಪೀಪಾಯಿ ತುಂಬೋವರೆಗೆ ನನ್ನ ತಂಬಿಗೆ ಹಿಂದೆ ನಿಂತಿರುತ್ತೆ. ನಂಗೆ ಬೇಕಾಗಿರೋದು ನಮ್ಮಜ್ಜಿ ಹಾಗೆ ಸಾಲು ನಿಲ್ಲಿಸೋ ರೂಟರ್. ಎಂಟು ಕೋಲಿರೋದಲ್ಲ."

"ಹಾಗಾದ್ರೆ ಭಾನುವಾರ ನಾನು ಕಳಿಸೋದೇ ಬಿಡ್ತೀನಮ್ಮ" ಎಂದಳು ಮಗಳು. ಅವಳ ಮುಖ ಸಣ್ಣದಾಗಿತ್ತು. ಶನಿವಾರ ತೆಗೆದದ್ದನ್ನು ಭಾನುವಾರ ಸಂಜೆಯೊಳಗೆ ಕಳಿಸುತ್ತಾಳೆ ಎಂಬ ಹೆಸರಿನಿಂದಲೇ ಅವಳಿಗೆ ಕೆಲಸ ಸಿಗುತ್ತಿದ್ದುದು.

ಒಳಗಿನಿಂದ ಅತ್ತೆ ಕೂಗಿದರು. "ಸೀರಿಯಲ್ ನಿಲ್ಲಿಸೋ ಮಾತಿದ್ರೆ ಮೊದಲು ನನ್ನ ಉಸಿರು ನಿಲ್ಲಿಸ್ಬೇಕು, ಈಗ್ಲೇ ಹೇಳಿದೀನಿ!"

"ಯಾರೂ ಏನೂ ನಿಲ್ಲಿಸ್ಬೇಡಿ ಅತ್ತೆ" ಎಂದಳು ಪೈಪಕ್ಕ. "ಮನೆಯವರ ನಲ್ಲಿ ಮುಚ್ಚಿ ನೀರು ಹಿಡಿಯೋದು ಒಂದು ಕೆಲಸವಾ?"

ಮರುದಿನ ಕಂಪ್ಯೂಟರ್ ಅಂಗಡಿಗೆ ಹೋದಳು. ಅಂಗಡಿಯವನು ಅವಳ ಚೀಲ ನೋಡಿ, ನಲ್ಲಿ ರಿಪೇರಿಗೆ ಬಂದವಳು ಎಂದುಕೊಂಡು ಹಿಂಬದಿಯ ಬಾಗಿಲು ತೋರಿಸಿದ.

"ರೂಟರ್ ಕೊಳ್ಳೋಕೆ ಬಂದಿದೀನಿ. ಆಟಕ್ಕೆ."

"ಮಗನಿಗಾ ಅಕ್ಕಾ?"

"ಮಗ ಇಲ್ಲ. ಆಡೋಳು ನಾನು."

ಅವನು ನಗು ನುಂಗಿಕೊಂಡು ಗಾಜಿನ ಕಪಾಟಿನಿಂದ ಕೆಂಪು ದೀಪ ಮಿಣುಕುವ ಒಂದನ್ನು ಇಳಿಸಿದ. "ಇದು ಆಟಕ್ಕೆ ಅಂತಾನೇ ಮಾಡಿದ್ದು. ಎಂಟು ಕೊಂಬು ನೋಡಿ!"

"ಕೊಂಬು ಎಣಿಸಿ ಎಮ್ಮೆ ಕೊಳ್ತಾರಾ ಸ್ವಾಮಿ? ಕರೆದು ನೋಡಿ ಕೊಳ್ಳೋದು. ಹಚ್ಚಿ ತೋರಿಸಿ. ಅಂಗಡಿಯ ಕಂಪ್ಯೂಟರುಗಳಲ್ಲೆಲ್ಲ ಏನಾದ್ರೂ ದೊಡ್ಡದು ಕಳಿಸ್ತಾ ಇರಿ, ನಾನು ಹೋಗಿಬರೋ ಹೊತ್ತು ನೋಡ್ತೀನಿ."

"ಹಾಗೆಲ್ಲ ಡಬ್ಬಿ ಒಡೆದು ತೋರಿಸೋ ಪದ್ಧತಿ ಇಲ್ಲಕ್ಕ."

ಪೈಪಕ್ಕ ಹಿಂಬದಿಯ ಬಾಗಿಲಿನತ್ತ ಕಿವಿಗೊಟ್ಟಳು. "ಒಳಗೆ ನಲ್ಲಿ ತೊಟ್ಟಿಕ್ತಾ ಇದೆ. ಕೆಳಗೆ ಬಕೆಟ್ ಇಟ್ಟು ಎಷ್ಟು ದಿನ ಆಯ್ತು?"

"ಆಯ್ತು... ಎರಡು ತಿಂಗಳು."

"ನೀವು ಡಬ್ಬಿ ಒಡೀರಿ. ನಾನು ನಲ್ಲಿ ಒಡೀತೀನಿ."

ಅವಳು ವಾಷರ್ ಬದಲಿಸಿ, ಕೈ ಒರೆಸಿಕೊಂಡು ಬರುವಷ್ಟರಲ್ಲಿ ಮೇಜಿನ ಮೇಲೆ ನಾಲ್ಕು ರೂಟರುಗಳು ಸಾಲಾಗಿ ಕುಳಿತಿದ್ದವು. ಕೆಂಪು ದೀಪದ್ದು ಎಲ್ಲ ಬಿಟ್ಟಾಗ ಐನೂರು. ಎರಡನೆಯದು ನಾನೂರು. ಮೂರನೆಯದರ ಗತಿಯೂ ಅದೇ. ನಾಲ್ಕನೆಯದು ಕಪಾಟಿನ ತಳದಲ್ಲಿ ಧೂಳು ಹಿಡಿದಿದ್ದ ಬೂದುಬಣ್ಣದ ಸಾದಾ ಡಬ್ಬಿ. ಅದರ ಒಳಗಿನ ಪಟ್ಟಿಗಳನ್ನು ತೆರೆದು ಅಂಗಡಿಯವನು, "ಇದರಲ್ಲಿ ಸಾಲು ನಿಭಾಯಿಸೋದು ಅಂತ ಒಂದಿದೆ. ಯಾರೂ ಕೇಳಲ್ಲ. ನಮ್ಮ ಲೈನಿನ ಅಳತೆ ಹಾಕು ಅಂತಿದೆ" ಎಂದ.

"ಪೂರ್ತಿ ಹಾಕಬೇಡಿ. ಹತ್ತರಲ್ಲಿ ಒಂಬತ್ತು ಪಾಲು ಹಾಕಿ."

"ಯಾಕಕ್ಕಾ? ಬಿಡೋ ಒಂದು ಪಾಲು ದಂಡ ಅಲ್ವಾ?"

"ಪೂರ್ತಿ ಬಿಟ್ರೆ ಸಾಲು ಕಂಪನಿಯವರ ಹತ್ತಿರ ನಿಲ್ಲುತ್ತೆ, ಅಲ್ಲಿ ನಮ್ಮ ಮಾತು ನಡೆಯಲ್ಲ. ನಮ್ಮ ಕಡೆ ವಾಲ್ವು ಚೂರು ತಿರುಗಿಸಿಟ್ರೆ ಸಾಲು ನಮ್ಮ ಮನೆಯಲ್ಲೇ ನಿಲ್ಲುತ್ತೆ. ಯಾರು ಮುಂದೆ, ಯಾರು ಹಿಂದೆ ಅನ್ನೋದು ಆಮೇಲೆ ನಮ್ಮ ಕೈಲಿ."

ಅವನು ಹಾಗೇ ಮಾಡಿದ. ಅಂಗಡಿಯ ಐದು ಕಂಪ್ಯೂಟರುಗಳೂ ಒಟ್ಟಿಗೆ ಕಳಿಸುತ್ತಿದ್ದವು. ಪರದೆಯ ಮೇಲಿನ ಸಂಖ್ಯೆ ಇಪ್ಪತ್ನಾಲ್ಕು. ಇಪ್ಪತ್ಮೂರು. ಇಪ್ಪತ್ತೈದು. ಅಂಗಡಿಯವನು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡ. "ಹತ್ತು ವರ್ಷದಿಂದ ಮಾರ್ತಾ ಇದೀನಿ" ಎಂದಷ್ಟೇ ಹೇಳಿದ. ಆ ಸಂಜೆ ಅವಳು ಆ ಬೂದು ಡಬ್ಬಿಯನ್ನೇ ಕೊಂಡು ತಂದು, ನಡುಮನೆಯಿಂದ ತನ್ನ ಕೋಣೆಯವರೆಗೆ ಗೋಡೆ ಕೊರೆದು ಪೈಪು ಹೂತು, ಅದರೊಳಗೆ ವೈರು ಎಳೆದು ರೂಟರಿಗೂ ಕಂಪ್ಯೂಟರಿಗೂ ನೇರ ಗಂಟು ಹಾಕಿದಳು. ತಂಡಕ್ಕೆ ಸುದ್ದಿ ಹೋಯಿತು: "ಸರಿಹೋಗಿದೆ. ಬಾಗಿಲಿಗೆ ನಾನೇ. ಈ ಸಲವೂ ಕಲ್ಲಾಗಿ ನಿಂತರೆ ಇನ್ನು ಮುಂದೆ ನನ್ನನ್ನು ಕರೆಯಬೇಡಿ."

ಭಾನುವಾರ ಮಧ್ಯಾಹ್ನ ನಾಲ್ಕು ಗಂಟೆ. ಮೈದುನ ಓಡಿಬಂದವನೇ ಅಮ್ಮನ ಟಿವಿ ಆರಿಸಿ, ಅತ್ತಿಗೆಯ ಮಗಳ ಕಂಪ್ಯೂಟರಿನ ವೈರಿಗೆ ಕೈ ಹಾಕಿದ. ಅತ್ತೆ ರಿಮೋಟ್ ಎತ್ತಿ ಅವನಿಗೆ ಬೀಸಿದರು.

"ಹಾಕಪ್ಪ ಟಿವಿ" ಎಂದಳು ಪೈಪಕ್ಕ ಕೋಣೆಯಿಂದಲೇ. "ಮಗಳೇ, ನಿನ್ನ ಫೋಟೋ ಶುರು ಮಾಡು. ನೀನೂ ಮೇಲೆ ಹೋಗಪ್ಪ, ನಿನ್ನ ಕ್ರಿಕೆಟ್ ಹಾಕ್ಕೋ. ಎಲ್ಲ ಬಿಟ್ಟಿರಲಿ."

"ಅತ್ತಿಗೆ, ತಲೆ ಕೆಟ್ಟಿದೆಯಾ? ಇವತ್ತು ಫೈನಲ್ಲು!"

"ಅದಕ್ಕೇ."

ಆಟ ಶುರುವಾಯಿತು. ಎದುರಾಳಿಗಳು ಪಳಗಿದ ಕೈಗಳು. ಅರ್ಧ ತಾಸಿಗೆ ಬೇಕರಿಯವನು ಬಿದ್ದ, ಮೇಡಂ ಬಿದ್ದಳು, ಕೊನೆಗೆ ನರ್ಸೂ ಬಿದ್ದಳು. ಉಳಿದದ್ದು ಕಂಡಕ್ಟರು, ಬಾಗಿಲಲ್ಲಿ ಪೈಪಕ್ಕ. ಎದುರಿಗೆ ಮೂವರು. ಹಿಂದಿನ ವಾರ ಕಲ್ಲಾದದ್ದು ಇದೇ ಜಾಗದಲ್ಲಿ. ಎದುರಾಳಿಗಳಿಗೂ ಅದು ಗೊತ್ತಿತ್ತು. ಮೂವರೂ ಅವಳ ಮೇಲೇ ನುಗ್ಗಿದರು. ಪಕ್ಕದ ಕೋಣೆಯಲ್ಲಿ ಮಗಳ ಏಳುನೂರನೆಯ ಫೋಟೋ ಹೋಗುತ್ತಿತ್ತು, ಟಿವಿಯಲ್ಲಿ ಯಾವಳೋ ಸೊಸೆ ಗೋಳೋ ಎಂದು ಅಳುತ್ತಿದ್ದಳು. ಪರದೆಯ ಮೂಲೆಯಲ್ಲಿ ಇಪ್ಪತ್ನಾಲ್ಕು.

ಒತ್ತಿದ ಗುಂಡಿಗೆ ಕೈ ಎದ್ದಿತು. ಮೊದಲನೆಯವನು ಮೆಟ್ಟಿಲಲ್ಲೇ ಉರುಳಿದ. ಎರಡನೆಯವನು ಪಕ್ಕಕ್ಕೆ ಹಾರಿದ. ಅವನು ನೆಲ ಮುಟ್ಟುವ ಮೊದಲೇ ಅವಳ ಏಟು ಅಲ್ಲಿ ಕಾದಿತ್ತು. ಮೂರನೆಯವನು ತಿರುಗಿ ಓಡಿ ನೇರವಾಗಿ ಕಂಡಕ್ಟರನ ತೆಕ್ಕೆಗೆ ಬಿದ್ದ.

ಹೆಡ್‌ಫೋನಿನಲ್ಲಿ ನಾಲ್ಕು ಊರುಗಳು ಒಟ್ಟಿಗೆ ಕಿರುಚಿದವು. ಬೇಕರಿಯವನು ಅಳುತ್ತಿದ್ದ. ಕಂಡಕ್ಟರು "ಅಕ್ಕಾ, ಬಾಗಿಲಂದ್ರೆ ನೀವೇ ಬಾಗಿಲು!" ಎಂದು ಗಂಟಲು ಹರಿದುಕೊಂಡ. ನರ್ಸು, "ನನ್ನ ತಮ್ಮ ನೋಡ್ತಾ ಇದ್ದ. ನಂಗೆ ಆ ಜಾಗ ಬೇಡವೇ ಬೇಡ ಅಂತಿದಾನೆ" ಎಂದಳು. ಪೈಪಕ್ಕ ಎದ್ದು ನಿಂತು, ಎರಡೂ ಕೈ ಮೇಲೆತ್ತಿ, ಮುರಿದು ಕೂಡಿದ್ದ ಕಾಲಿನ ಮೇಲೇ ಒಂದು ಸುತ್ತು ತಿರುಗಿದಳು.

"ಏನೇ ಅದು ಗಲಾಟೆ?" ಎಂದರು ಅತ್ತೆ.

"ಗೆದ್ದೆ ಅತ್ತೆ!"

"ಗೆದ್ದೆಯಾ? ಹಂಗಾದ್ರೆ ಬಾಗಿಲು ಮುಂದೆ ಮಾಡು. ಇಲ್ಲಿ ಟಿವಿಲಿ ಇವಳು ವಿಷ ಕುಡೀತಾ ಇದಾಳೆ."

ಮಹಡಿಯಿಂದ ಮೈದುನ ದಡದಡ ಇಳಿದು ಬಂದ. ಇನ್ನು ತಿಂಗಳಿಗೆ ದೊಡ್ಡ ಪಂದ್ಯ ಎಂಬುದು ಅವನಿಗೆ ಆಗಲೇ ತಿಳಿದಿತ್ತು. ಬಾಗಿಲಲ್ಲೇ ನಿಂತು, "ಅತ್ತಿಗೆ, ಇದುವರೆಗೆ ಆಗಿದ್ದು ಆಯ್ತು. ದೊಡ್ಡ ಪಂದ್ಯಕ್ಕೆ ನಿಮಗೇ ಅಂತ ಬೇರೆ ಲೈನು ಹಾಕಿಸಿಕೊಡ್ತೀನಿ. ನನ್ನ ಕಂಪನಿಯವರೇ ಬರ್ತಾರೆ, ಹೊಸ ರೂಟರೂ ತರ್ತಾರೆ. ನೀವು ಸುಮ್ನೆ ಕೂತು ಆಡಿ ಸಾಕು. ಉಳಿದಿದ್ದೆಲ್ಲ ನಂದು" ಎಂದ.

ಪೈಪಕ್ಕ ಹೆಡ್‌ಫೋನನ್ನು ಕತ್ತಿಗೆ ಇಳಿಸಿದಳು.

"ಬೇಡಪ್ಪ. ನೀನು ಹಾಕಿಸಿಕೊಟ್ರೆ ಗೆದ್ದ ದಿನ ನಿನ್ನ ಲೈನು ಗೆಲ್ಲುತ್ತೆ, ಸೋತ ದಿನ ಅತ್ತಿಗೆ ಸೋಲ್ತಾಳೆ. ನಾನೇ ಹಾಕಿದ್ದಾದ್ರೆ ಗೆದ್ರೂ ನಾನೇ ಗೆಲ್ತೀನಿ, ಸೋತ್ರೂ ನಾನೇ ಸೋಲ್ತೀನಿ. ಆ ಕಡೆ ಸರಿ, ಗಾಳಿಗೆ ಅಡ್ಡ ನಿಂತಿದೀಯ."