ಬ್ರಶ್ಶಿನ ಬುಡದ ಹರಳು

ನಮ್ಮ ಲ್ಯಾಬಿನಲ್ಲಿ ಅವರನ್ನು ಎಲ್ಲರೂ ಗಾಜಕ್ಕ ಎನ್ನುತ್ತಿದ್ದರು. ಹದಿನೆಂಟು ವರ್ಷದ ಹಿಂದೆ ಗಾಜಿನ ಸಾಮಾನು ತೊಳೆಯಲು ಸೇರಿದವರು, ನೋಡಿ ನೋಡಿಯೇ ಕೆಲಸ ಕಲಿತು, ಈಗ ಔಷಧವನ್ನೇ ಗಾಜಾಗಿಸುತ್ತಿದ್ದರು.

ಆ ಔಷಧ ನೀರಿನಲ್ಲಿ ಕರಗದ ಹಟಮಾರಿ ಹರಳು. ಗಾಜಕ್ಕನ ತಮ್ಮ ಬದುಕಿದ್ದದ್ದು ಅದರಿಂದಲೇ. ಒಂದು ಹೊತ್ತಿಗೆ ಎಂಟು ಮಾತ್ರೆ. ಮೈಗೆ ಸೇರುತ್ತಿದ್ದದ್ದು ಚೂರೇ ಚೂರು, ಹೊಟ್ಟೆಯೊಳಗಿನ ಉರಿ ಮಾತ್ರ ಪೂರ್ತಿ.

"ಅವಸರದ ನೆಂಟರಿದ್ದ ಹಾಗೆ ಅಕ್ಕ ಇವು. ಬಂದ ಹಾಗೇ ಹೋಗ್ತವೆ, ಕೂರೋದೂ ಇಲ್ಲ," ಎಂದು ಅವನು ನಗಿಸುತ್ತಿದ್ದ.

"ನನ್ನ ಗಾಜು ಬರಲಿ ಇರು. ಒಂದೇ ಒಂದು ಮಾತ್ರೆ ಸಾಕು ನಿಂಗೆ."

ಹರಳನ್ನು ಪಾಲಿಮರ್ ಜೊತೆ ಕರಗಿಸಿ ಥಟ್ಟನೆ ತಣಿಸಿದರೆ ಅಣುಗಳಿಗೆ ಸಾಲುಗಟ್ಟಲು ಸಮಯ ಸಿಗುವುದಿಲ್ಲ. ಗಾಜಿನಲ್ಲಿರುವಂತೆ ಅಡ್ಡಾದಿಡ್ಡಿ ನಿಂತುಬಿಡುತ್ತವೆ, ಬೇಗ ಕರಗುತ್ತವೆ. ಅದು ಬಿಸಿ, ತೇವದ ಪೆಟ್ಟಿಗೆಯಲ್ಲಿ ಆರು ತಿಂಗಳು ಗಾಜಾಗಿಯೇ ಉಳಿದರೆ ರೋಗಿಗಳಿಗೆ ಕೊಟ್ಟು ನೋಡಬಹುದು. ಇಲ್ಲದಿದ್ದರೆ ಯೋಜನೆ ಅಲ್ಲಿಗೆ ಮುಗಿಯಿತು.

ತಿಂಗಳಿಗೊಮ್ಮೆ ಚಿಟಿಕೆ ಪುಡಿಯನ್ನು ಎಕ್ಸ್-ರೇ ಯಂತ್ರಕ್ಕಿಡುತ್ತಿದ್ದರು. ಪರದೆಯ ಗೆರೆ ದಿಬ್ಬದಂತೆ ನುಣ್ಣಗಿದ್ದರೆ ಗಾಜು, ಮುಳ್ಳೆದ್ದರೆ ಹರಳು. ಐದು ತಿಂಗಳು ದಿಬ್ಬವೇ ಇತ್ತು. ಆರನೆಯ ತಿಂಗಳು ಸಣ್ಣದೊಂದು ಮುಳ್ಳು. ಯಂತ್ರದ ತಪ್ಪೆಂದು ಇನ್ನೆರಡು ಸಲ ಇಟ್ಟರು. ಮುಳ್ಳು ಕದಲಲಿಲ್ಲ. ಪೆಟ್ಟಿಗೆಯಲ್ಲಿದ್ದ ಇನ್ನೆರಡು ಬ್ಯಾಚುಗಳಲ್ಲೂ ಅದೇ ಜಾಗದಲ್ಲಿ ಅದೇ ಮುಳ್ಳು.

ಗಾಜಕ್ಕ ಡ್ರಾಯರಿನಿಂದ ತಾವು ಬಳಸುವ ಬ್ರಶ್ ತೆಗೆದರು. ಹರಳಿನ ಪುಡಿ ಗುಡಿಸಿದ ಬ್ರಶ್ ಬಿಸಾಡಬೇಕೆಂಬುದು ನಿಯಮ. ಅವರು ತೊಳೆದಿಟ್ಟು, ಅದರಲ್ಲೇ ಗಾಜಿನ ಪುಡಿಯನ್ನೂ ಗುಡಿಸುತ್ತಿದ್ದರು. "ನಾನು ತೊಳೆದದ್ರಲ್ಲಿ ಏನಾದ್ರೂ ಉಳಿಯೋದುಂಟಾ?" ಎಂದಾಗ ನಾವೂ ತಲೆಯಾಡಿಸಿದ್ದೆವು. ಈಗ ಬುಡವನ್ನು ತಟ್ಟಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಕತ್ತಲೆಯಲ್ಲಿ ನಾಲ್ಕೈದು ಚೂರು ಹೊಳೆಯುತ್ತಿದ್ದವು. ಹಾಲಿಗೆ ಬಿದ್ದ ಹೆಪ್ಪಿನಂತೆ, ಗಾಜು ಮತ್ತೆ ಹರಳಾಗಲು ಅಂಥದ್ದೊಂದು ಚೂರು ಸಾಕು.

ಅವರು ಬ್ರಶ್ ಹಿಡಿದುಕೊಂಡೇ ಮ್ಯಾನೇಜರ್ ಕೋಣೆಗೆ ಹೋದರು.

"ತಪ್ಪು ನಂದು ಸಾರ್, ಗಾಜಿನದ್ದಲ್ಲ. ಹೊಸ ಬ್ರಶ್‌ನಲ್ಲಿ ಇನ್ನೊಂದು ಸಲ ಮಾಡ್ತೀನಿ."

"ನಂಬ್ತೀನಮ್ಮ. ಆದ್ರೆ ತೋರಿಸೋಕೆ ಮತ್ತೆ ಆರು ತಿಂಗಳು ಬೇಕು. ಮೇಲಿನವರು ಕೊಟ್ಟಿದ್ದು ಈ ತಿಂಗಳ ತನಕ." ಮ್ಯಾನೇಜರ್ ಆಗಲೇ ಎರಡು ಸಲ ಫೋನ್ ಮಾಡಿ ಇನ್ನಷ್ಟು ಸಮಯ ಕೇಳಿದ್ದರು. "ನನ್ನ ಕೈಲೂ ಏನಿಲ್ಲ."

ಸಂಜೆ ಪೆಟ್ಟಿಗೆಯ ಸ್ವಿಚ್ ಆರಿಸಿದವರು ಗಾಜಕ್ಕನೇ. ಮನೆಗೆ ಹೋಗಿ ತಮ್ಮನಿಗೆ ಏನನ್ನೂ ಮುಚ್ಚಿಡದೆ ಹೇಳಿದರಂತೆ. ಅವನು ಅಂಗೈಯಲ್ಲಿದ್ದ ಎಂಟು ಮಾತ್ರೆಗಳನ್ನು ನೋಡಿದನಂತೆ.

"ಇವತ್ತಾದ್ರೂ ಸ್ವಲ್ಪ ಕೂತು ಹೋಗ್ರಪ್ಪ."

ಆರು ನುಂಗುವಷ್ಟರಲ್ಲಿ ನೀರು ಮುಗಿಯಿತು. ಗಾಜಕ್ಕ ಲೋಟ ತುಂಬಿಸಲು ಎದ್ದರು.